ಒಂದು ಬೀದಿ, ಎರಡು ಒಪ್ಪಂದ: ಚಿಕ್ಕಮಗಳೂರಿನ ಕವರ್ ಪ್ರಕರಣ

ನಮ್ಮೂರಲ್ಲಿ ಯಾರೂ ಪ್ಲಾಸ್ಟಿಕ್ ಕೈಚೀಲ ಕೊಡಿ ಅನ್ನುವುದಿಲ್ಲ. "ಒಂದು ಕವರ್ ಕೊಡಿ" ಅನ್ನುತ್ತಾರೆ. ಈ ಬರಹ ಆ ಕವರ್ ಬಗ್ಗೆ.

ಚಿಕ್ಕಮಗಳೂರಿನ ಮಾರುಕಟ್ಟೆ ಹತ್ತಿರದ ನಮ್ಮ ಬೀದಿಯಲ್ಲಿ ಸುಮಾರು ನಲವತ್ತು ಅಂಗಡಿಗಳಿವೆ. ನಮ್ಮದು ದಿನಸಿ ಅಂಗಡಿ, ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಈ ಬೀದಿಯಲ್ಲಿ ಕವರ್ ನಿಲ್ಲಿಸಲು ಎರಡು ಸಲ ಒಪ್ಪಂದ ಆಯಿತು. ಮೊದಲನೆಯದು ಕೆಟ್ಟಿತು. ಎರಡನೆಯದು ಕುಂಟಿಕೊಂಡು ನಡೆಯುತ್ತಿದೆ. ಎರಡೂ ಸಭೆಗಳಲ್ಲಿ ಟಿಪ್ಪಣಿ ಬರೆದುಕೊಂಡವಳು ನಾನೇ. ಬೇರೆ ಊರಿನ ಬೀದಿಗಳಲ್ಲೂ ಇದೇ ಮಾತು ನಡೆಯುತ್ತಿರುತ್ತದೆ, ಅವರಿಗೆ ಉಪಯೋಗ ಆಗಬಹುದು ಅಂತ ಆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಸೊಪ್ಪಿನ ಅಜ್ಜಿಯ ದಂಡ

2022ರ ಜುಲೈ 1ರಿಂದ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನುಗಳಿಗೆ ದೇಶದಲ್ಲೆಲ್ಲ ನಿಷೇಧ ಬಂತು. ಸ್ಟ್ರಾ, ತಟ್ಟೆ, ಲೋಟ, ಚಮಚ, ಬಲೂನಿನ ಕಡ್ಡಿ, ಸ್ವೀಟ್ ಬಾಕ್ಸಿನ ಮೇಲೆ ಸುತ್ತುವ ಹಾಳೆ ಎಲ್ಲ ಆ ಪಟ್ಟಿಯಲ್ಲಿದ್ದವು. ಕವರ್ ಅದರಲ್ಲಿ ಇರಲಿಲ್ಲ, ಅದಕ್ಕೆ ಬೇರೆ ನಿಯಮ. ಆದರೆ ಆ ಮಳೆಗಾಲ ನಮ್ಮ ಬೀದಿಗೆ ತಪಾಸಣೆಗೆ ಬಂದವರು ಮೊದಲು ಕೈ ಹಾಕಿದ್ದು ಕವರ್‌ಗೇ.

ಬೀದಿಯ ತುದಿಯಲ್ಲಿ ಒಬ್ಬರು ಅಜ್ಜಿ ಸೊಪ್ಪು ಮಾರುತ್ತಾರೆ. ಬೆಳಗಿನ ಮೊದಲ ಬಸ್ಸಿಗೆ ಹಳ್ಳಿಯಿಂದ ಬರುತ್ತಾರೆ. ಬುಟ್ಟಿ ಪಕ್ಕದ ಕಂಬಕ್ಕೆ ಒಂದು ಕಟ್ಟು ತೆಳು ಕವರ್ ಸಿಕ್ಕಿಸಿಕೊಂಡಿದ್ದರು. ಅದನ್ನು ಕಿತ್ತುಕೊಂಡು ಐನೂರು ರೂಪಾಯಿ ದಂಡ ಹಾಕಿದರು. ಅವತ್ತಿನ ಅವರ ವ್ಯಾಪಾರವೇ ಅಷ್ಟಿರಲಿಲ್ಲ. ಅಕ್ಕಪಕ್ಕದ ಅಂಗಡಿಯವರು ಸೇರಿ ದುಡ್ಡು ಕೂಡಿಸಿ ಕಟ್ಟಿದೆವು.

ಅಜ್ಜಿ ಅತ್ತಿದ್ದು ದಂಡಕ್ಕಲ್ಲ. "ನಾನು ಕೊಡಲ್ಲ ಅಂದ್ರೆ ಪಕ್ಕದವಳ ಹತ್ರ ಹೋಗ್ತಾರೆ ಮಗಾ. ಒಂದು ಕಟ್ಟು ಸೊಪ್ಪಿಗೆ ನಂಗೆ ಉಳಿಯೋದೇ ಎರಡು ರೂಪಾಯಿ, ಅದರಲ್ಲಿ ಕವರ್ ದುಡ್ಡೂ ಹೋಗುತ್ತೆ. ಕೊಡೋಕೆ ನಂಗೇನು ಖುಷೀನಾ?" ಅಂದರು.

ಅದೇ ಹೊತ್ತಿಗೆ ನಮ್ಮ ಅಂಗಡಿ ಮುಂದೆ ಚಿಪ್ಸ್, ಶಾಂಪೂ, ಬಿಸ್ಕತ್ತಿನ ಪಾಕೀಟುಗಳ ಸರ ಬಾಗಿಲುದ್ದಕ್ಕೂ ನೇತಾಡುತ್ತಿತ್ತು. ಅದನ್ನು ಯಾರೂ ಮುಟ್ಟಲಿಲ್ಲ. ಮುಟ್ಟುವ ಹಾಗೂ ಇಲ್ಲ. ತಯಾರಾಗುವ ಜಾಗದಲ್ಲೇ ಸೀಲ್ ಆಗಿ ಬರುವ ಪಾಕೀಟಿಗೆ, ಹಾಲಿನ ಪ್ಯಾಕೆಟ್ಟಿಗೆ ನಮ್ಮ ರಾಜ್ಯದ ನಿಷೇಧದಲ್ಲಿ ವಿನಾಯಿತಿ ಇದೆ. ನಿಯಮದ ಪ್ರಕಾರ ನಡೆದದ್ದು ಸರಿಯೇ. ಆದರೆ ಆ ಬೆಳಿಗ್ಗೆ ನನಗೆ ನಾಚಿಕೆ ಆಯಿತು. ಬೀದಿಯಲ್ಲಿ ಎಲ್ಲರಿಗಿಂತ ಜಾಸ್ತಿ ಪ್ಲಾಸ್ಟಿಕ್ ಮಾರುವವಳು ನಾನು, ದಂಡ ಬಿದ್ದದ್ದು ಎಲ್ಲರಿಗಿಂತ ಕಡಿಮೆ ಮಾರುವವರಿಗೆ.

ಮೈಕ್ರಾನ್ ಎಂಬ ರಾಜಿ

ಸಭೆ ಕರೆಯುವ ಮೊದಲು ನಾನು ಕಾನೂನು ಓದಿಕೊಂಡೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಬೀದಿಯ ಜಗಳದ ಬೇರು ಅಲ್ಲೇ ಇದೆ.

ಕೇಂದ್ರದ 1999ರ ನಿಯಮದಲ್ಲಿ ಹೊಸ ಪ್ಲಾಸ್ಟಿಕ್ಕಿನ ಕವರ್ ಕನಿಷ್ಠ 20 ಮೈಕ್ರಾನ್ ದಪ್ಪ ಇರಬೇಕು ಅಂತ ಇತ್ತು. 2011ರಲ್ಲಿ ಅದು 40 ಆಯಿತು. 2016ರಲ್ಲಿ 50. 2021ರ ಸೆಪ್ಟೆಂಬರ್ 30ರಿಂದ 75. 2022ರ ಡಿಸೆಂಬರ್ 31ರಿಂದ 120. ಕವರ್ ಪೂರ್ತಿ ನಿಲ್ಲಲಿ ಅನ್ನುವವರು ಒಂದು ಕಡೆ, ಕಾರ್ಖಾನೆ ಮತ್ತು ಕೆಲಸ ಉಳಿಯಲಿ ಅನ್ನುವವರು ಇನ್ನೊಂದು ಕಡೆ. ಇಬ್ಬರ ನಡುವಿನ ಎಳೆದಾಟದಲ್ಲಿ ದಪ್ಪ ಮಾತ್ರ ಏರುತ್ತಾ ಹೋಗಿದೆ. ಇದರ ಹಿಂದೆ ಒಂದು ನ್ಯಾಯವಾದ ಯೋಚನೆಯೂ ಇದೆ. ದಪ್ಪ ಕವರ್‌ಗೆ ಬೆಲೆ ಜಾಸ್ತಿ, ಹಾಗಾಗಿ ಅಂಗಡಿಯವರು ಬಿಟ್ಟಿ ಕೊಡುವುದಿಲ್ಲ. ತೂಕ ಬರುವುದರಿಂದ ಚಿಂದಿ ಆಯುವವರೂ ಅದನ್ನು ಎತ್ತುತ್ತಾರೆ. ತೆಳು ಕವರ್ ಎಷ್ಟು ಆಯ್ದರೂ ತೂಕವೇ ಬರುವುದಿಲ್ಲ, ಅದಕ್ಕೇ ಅದು ಚರಂಡಿಯಲ್ಲಿ ಉಳಿಯುತ್ತದೆ.

ಆದರೆ ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. 50ಕ್ಕೂ 75ಕ್ಕೂ ಇರುವ ವ್ಯತ್ಯಾಸ ಕೈಗೆ ಸಿಗುವುದಿಲ್ಲ. ತಯಾರಿಸಿದವರ ಹೆಸರು, ನೋಂದಣಿ ಸಂಖ್ಯೆ, ದಪ್ಪ ಮೂರನ್ನೂ ಕವರ್ ಮೇಲೆ ಅಚ್ಚು ಹಾಕಬೇಕು ಅಂತ ಆಗ ನಿಯಮ ಇತ್ತು. ಅಚ್ಚು ಹಾಕಿದ್ದು ನಿಜವೋ ಸುಳ್ಳೋ ಅಂತ ಅಜ್ಜಿ ಹೇಗೆ ನೋಡಬೇಕು? ನಾನು ಹೇಗೆ ನೋಡಬೇಕು?

ಇನ್ನೊಂದು ಲೆಕ್ಕವೂ ಇದೆ. ಅದೇ ಅಳತೆಯ ಕವರ್ 50ರಿಂದ 120 ಮೈಕ್ರಾನ್ ಆದರೆ ಅದರಲ್ಲಿರುವ ಪ್ಲಾಸ್ಟಿಕ್ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಜನ ಅದನ್ನೂ ಒಂದೇ ಸಲ ಬಳಸಿ ಎಸೆದರೆ ಊರಿನ ಪ್ಲಾಸ್ಟಿಕ್ ಕಡಿಮೆ ಆಗುವ ಬದಲು ಏರುತ್ತದೆ.

ರಾಜ್ಯದ ದಾರಿ ಬೇರೆ. 2016ರ ಮಾರ್ಚ್ 11ರಂದು ಕರ್ನಾಟಕ ಸರ್ಕಾರ ಕವರ್, ಫ್ಲೆಕ್ಸ್, ಬಂಟಿಂಗ್ಸ್, ತಟ್ಟೆ, ಲೋಟ, ಊಟದ ಟೇಬಲ್ಲಿಗೆ ಹಾಸುವ ಹಾಳೆ ಎಲ್ಲವನ್ನೂ ನಿಷೇಧಿಸಿತು. ಕವರ್ ಎಷ್ಟೇ ದಪ್ಪ ಇರಲಿ, ಬೇಡ. ಒಂದು ವಾರ ಕಳೆದು ಮಾರ್ಚ್ 18ರಂದು ಕೇಂದ್ರದ ಹೊಸ ನಿಯಮ ಬಂತು. ಅದರ ಪ್ರಕಾರ 50 ಮೈಕ್ರಾನಿಗಿಂತ ದಪ್ಪದ್ದು ಆಗಬಹುದು, ಆದರೆ ಕವರ್ ಕೊಡುವ ಅಂಗಡಿ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿ ತಿಂಗಳಿಗೆ ಕನಿಷ್ಠ 4,000 ರೂಪಾಯಿಯಂತೆ ವರ್ಷಕ್ಕೆ 48,000 ಕಟ್ಟಬೇಕು. ಆ ಶುಲ್ಕದ ನಿಯಮವನ್ನು 2018ರಲ್ಲಿ ತೆಗೆದೇ ಹಾಕಿದರು. ಹೀಗೆ ಒಂದೇ ತಿಂಗಳಲ್ಲಿ ಬಂದ ಎರಡು ಕಾಗದ. ವ್ಯಾಪಾರಿಗಳು ಕೇಂದ್ರದ ಮೈಕ್ರಾನ್ ಹಿಡಿದುಕೊಂಡರು, ತಪಾಸಣೆಯವರು ರಾಜ್ಯದ ಆದೇಶ ಹಿಡಿದುಕೊಂಡರು.

ಶಿಕ್ಷೆಯ ಮಾತು ಕೇಳಿ. ಪರಿಸರ ಸಂರಕ್ಷಣಾ ಕಾಯ್ದೆ 1986ರದ್ದು. ಅದರಲ್ಲಿ ಐದು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಂತ ಇತ್ತು. ಜೈಲನ್ನು ತೆಗೆದು ಬರೀ ದಂಡ ಇಟ್ಟದ್ದು 2024ರ ಏಪ್ರಿಲ್‌ನಿಂದ. ಸೊಪ್ಪು ಮಾರುವವರನ್ನು ಐದು ವರ್ಷ ಒಳಗೆ ಹಾಕುವ ಮನಸ್ಸು ಯಾರಿಗೆ ಬರುತ್ತದೆ? ಬರಬಾರದು ಕೂಡ. ಅದಕ್ಕೆ ಐನೂರು, ಸಾವಿರದ ರಸೀದಿಯಲ್ಲೇ ಎಲ್ಲ ಮುಗಿಯುತ್ತಿತ್ತು. ರಸ್ತೆ ಬದಿಯಲ್ಲಿ ಕಣ್ಣಿಗೆ ಬಿದ್ದವರಿಗೆ ರಸೀದಿ. ಕವರ್ ತಯಾರಿಸುವವರು ಕಣ್ಣಿಗೆ ಬೀಳುತ್ತಿರಲಿಲ್ಲ.

ಬೇಕರಿ ಮಹಡಿಯ ಮೊದಲ ಸಭೆ

ದಂಡ ಬಿದ್ದ ಹತ್ತು ದಿನಕ್ಕೆ ಬೇಕರಿಯವರ ಮಹಡಿಯಲ್ಲಿ ಸೇರಿದೆವು. ವಾರ್ಡಿನ ಕೌನ್ಸಿಲರೂ ಬಂದಿದ್ದರು. ಎಲ್ಲರಿಗೂ ಒಪ್ಪಿಗೆ ಆಗುವ ಹಾಗೆ ಏನಾದರೂ ಮಾಡೋಣ ಅಂದರು. ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ. ವ್ಯಾಪಾರಿಗಳೂ ಅವರ ಓಟು, ಚರಂಡಿ ಕಟ್ಟಿಕೊಂಡು ಮನೆಗೆ ನೀರು ನುಗ್ಗಿಸಿಕೊಂಡವರೂ ಅವರ ಓಟು.

ಮೀನಿನ ಅಂಗಡಿಯವರು ಮೊದಲು ಎದ್ದು ನಿಂತರು. ಕರಾವಳಿಯಿಂದ ಚಾರ್ಮಾಡಿ ಘಾಟಿ ಹತ್ತಿ ಐಸಿನಲ್ಲಿ ಬರುವ ಮೀನು, ಕಾಗದದಲ್ಲಿ ಕಟ್ಟಿದರೆ ಬಸ್ಸಲ್ಲಿ ಪಕ್ಕದವರ ಸೀರೆ ಮೇಲೆ ನೀರು. "ಹಿಂದೆ ತೇಗದೆಲೆಯಲ್ಲಿ ಕಟ್ಟುತ್ತಿದ್ದರು, ನಿಜ. ಆಗ ಜನ ನಡೆದುಕೊಂಡು ಮನೆಗೆ ಹೋಗ್ತಿದ್ರು" ಅಂದರು. ಈ ಮಾತಿಗೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಮಳೆಯ ಮಾತು ಬಂತು. ನಮ್ಮ ಪಟ್ಟಣದಲ್ಲಿ ಶೃಂಗೇರಿ, ಕೊಪ್ಪದಷ್ಟು ಮಳೆ ಸುರಿಯುವುದಿಲ್ಲ, ಆದರೆ ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಕಾಗದದ ಚೀಲ ಅಂಗಡಿ ಮೆಟ್ಟಿಲು ಇಳಿಯುವುದರೊಳಗೆ ಹರಿಯುತ್ತದೆ. ಸಕ್ಕರೆ, ಉಪ್ಪು ನೆಂದರೆ ಮತ್ತೆ ಅಂಗಡಿಗೇ ಜಗಳ.

ಕವರ್ ಹೋಲ್‌ಸೇಲ್ ಮಾಡುವವರು "ನಾನು ನಿಲ್ಲಿಸಿದ್ರೆ ಇನ್ನೊಬ್ಬ ತರ್ತಾನೆ" ಅಂದರು. ಆಮೇಲೆ ಎಲ್ಲರೂ ಸೇರಿ ತೋಟದ ಕೆಲಸದವರ ಮಾತು ತೆಗೆದರು. ಬಟವಾಡೆ ಆದ ಮೇಲೆ ಅವರು ವಾರದ ಸಾಮಾನು ಒಯ್ಯುತ್ತಾರೆ, ಪಾಪ, ಚೀಲಕ್ಕೆ ಬೇರೆ ದುಡ್ಡು ಕೇಳುವುದು ಹೇಗೆ? ನಾನೂ ತಲೆಯಾಡಿಸಿದೆ. ಅವರಲ್ಲಿ ಒಬ್ಬರೂ ಆ ಸಭೆಯಲ್ಲಿ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಎಷ್ಟೋ ದಿನ ಆದ ಮೇಲೆ.

ಕೊನೆಗೆ ಒಂದು ಹಾಳೆಯಲ್ಲಿ ಬರೆದೆವು: ತೆಳು ಕವರ್ ಇವತ್ತಿಂದ ಬಂದ್. ಮೈಕ್ರಾನ್ ಅಚ್ಚು ಇರುವ ದಪ್ಪ ಕವರ್ ಮತ್ತು "ಬಟ್ಟೆ ಬ್ಯಾಗ್" ಆಗಬಹುದು. ಮೂವತ್ತು ದಿನ ತಪಾಸಣೆ ಬೇಡ ಅಂತ ಕೌನ್ಸಿಲರ್ ಮಾತಾಡುತ್ತಾರೆ. ಎಲ್ಲರೂ ಸಹಿ ಹಾಕಿದೆವು, ಬೇಕರಿಯವರು ಖಾರ ಬನ್ ಕೊಟ್ಟರು. ರಾಜ್ಯದ ಆದೇಶದ ಪ್ರಕಾರ ದಪ್ಪದ್ದೂ ತಪ್ಪು ಅಂತ ನನಗೆ ಗೊತ್ತಿತ್ತು. ಜಗಳ ಮುಗಿದರೆ ಸಾಕು ಅನ್ನಿಸಿ ಬಾಯಿ ಬಿಡಲಿಲ್ಲ.

ಬೆಂಕಿಕಡ್ಡಿ

ದೊಡ್ಡ ಅಂಗಡಿಗಳು ದಪ್ಪ ಕವರನ್ನೂ ಬಿಟ್ಟಿ ಕೊಡಲು ಶುರು ಮಾಡಿದವು. ಅವರಿಗೆ ಆ ಖರ್ಚು ತಡೆಯುತ್ತದೆ. ಅಜ್ಜಿಗೆ ತಡೆಯಲಿಲ್ಲ. ಅವರು ಗುಟ್ಟಾಗಿ ತೆಳುವನ್ನೇ ಬುಟ್ಟಿಯ ಕೆಳಗೆ ಇಟ್ಟುಕೊಂಡರು. ಅಚ್ಚಿನ ಮಾತಂತೂ ಕೇಳುವುದೇ ಬೇಡ. ಒಂದೇ ಅಚ್ಚಿನ ಎರಡು ಕಟ್ಟುಗಳಲ್ಲಿ ಒಂದು ಉಗುರು ತಾಗಿದರೆ ಹರಿಯುತ್ತಿತ್ತು, ಇನ್ನೊಂದು ಹರಿಯುತ್ತಿರಲಿಲ್ಲ.

ಒಪ್ಪಂದವನ್ನು ಮುಳುಗಿಸಿದ್ದು ಬಟ್ಟೆ ಬ್ಯಾಗ್. ಬಟ್ಟೆಯಂಗಡಿ, ಚಪ್ಪಲಿ ಅಂಗಡಿ, ಸ್ವೀಟ್ ಅಂಗಡಿಗಳಲ್ಲಿ ಸಿಗುವ ಬಣ್ಣಬಣ್ಣದ, ಸಣ್ಣ ಚುಕ್ಕೆ ಚುಕ್ಕೆ ಮೈಯ ಚೀಲ ಗೊತ್ತಲ್ವಾ, ಅದು. ಮುಟ್ಟಿದರೆ ಬಟ್ಟೆ ಹಾಗೇ ಇರುತ್ತದೆ. ನಮ್ಮ ಬೀದಿಯ ಟೈಲರ್ ಅಣ್ಣ ಒಂದು ದಿನ ಅದರ ತುದಿ ಕತ್ತರಿಸಿ ಬೆಂಕಿಕಡ್ಡಿ ಹಿಡಿದು ತೋರಿಸಿದರು. ಹತ್ತಿ ಬಟ್ಟೆ ಉರಿದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಉದುರುತ್ತದೆ. ಇದು ಮುದುಡಿ, ಕರಗಿ, ಗಟ್ಟಿ ಮಣಿ ಆಯಿತು. ಅದು ನೇಯ್ದ ಬಟ್ಟೆಯಲ್ಲ. ಪಾಲಿಪ್ರೊಪಿಲೀನ್ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಮಾಡಿದ ಹಾಳೆ. ಪ್ಲಾಸ್ಟಿಕ್ ಕುರ್ಚಿ ಮಾಡುವುದೂ ಪಾಲಿಪ್ರೊಪಿಲೀನಿನಿಂದಲೇ. ಕೇಂದ್ರದ ನಿಯಮವೂ ಇದನ್ನು ಪ್ಲಾಸ್ಟಿಕ್ ಚೀಲ ಅಂತಲೇ ಲೆಕ್ಕ ಹಾಕಿ, ಚದರ ಮೀಟರಿಗೆ ಕನಿಷ್ಠ 60 ಗ್ರಾಂ ತೂಕ ಇರಬೇಕು ಅನ್ನುತ್ತದೆ. ನಾವು ಪ್ಲಾಸ್ಟಿಕ್ ಬಿಟ್ಟು ಪ್ಲಾಸ್ಟಿಕ್ಕನ್ನೇ ಹಿಡಿದಿದ್ದೆವು.

ಮುಂದಿನ ಮಳೆಗಾಲಕ್ಕೆ ಮೊದಲು ಚರಂಡಿ ಹೂಳು ತೆಗೆಯುವಾಗ ಒಬ್ಬರು ಪೌರಕಾರ್ಮಿಕ ಮಹಿಳೆ ನನ್ನನ್ನು ಕರೆದು ತೋರಿಸಿದರು. "ನೋಡಿ ಅಕ್ಕ, ಮೊದಲೆಲ್ಲ ತೆಳು ಕವರ್ ಸಿಗೋದು, ಎಳೆದ್ರೆ ಬರೋದು. ಇದು ನೂಲು ನೂಲಾಗಿ ಜಾಲರಿಗೆ ಸುತ್ತಿಕೊಳ್ಳುತ್ತೆ. ಕೈಯಲ್ಲಿ ಬಿಡಿಸಬೇಕು." ಅವರ ಕೈಗವಸು ಬೆರಳ ತುದಿಯಲ್ಲಿ ಹರಿದಿತ್ತು. ನಲವತ್ತು ಅಂಗಡಿಯವರು, ಕೌನ್ಸಿಲರು, ಹೋಲ್‌ಸೇಲಿನವರು ಕೂತು ರಾಜಿ ಮಾಡಿಕೊಂಡಿದ್ದೆವು. ಆ ರಾಜಿಯನ್ನು ಚರಂಡಿಯಿಂದ ಎತ್ತಬೇಕಾದವರನ್ನು ಯಾರೂ ಕರೆದಿರಲಿಲ್ಲ. ನಮ್ಮ ಮೊದಲ ಸಭೆಯ ದೊಡ್ಡ ತಪ್ಪು ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಎರಡನೇ ಸಭೆ

ಈ ಸಲ ಪೌರಕಾರ್ಮಿಕರನ್ನು ಕರೆದೆವು, ಅಜ್ಜಿಯನ್ನೂ ಕರೆದೆವು. ಚೀಲ ಹೊಲಿಯುವ ಸ್ತ್ರೀಶಕ್ತಿ ಸಂಘದವರು ಬಂದರು. ತೋಟದ ಕೆಲಸಕ್ಕೆ ಹೋಗುವ ಇಬ್ಬರು ಹೆಂಗಸರೂ ಬಂದರು. ನಾವು ಮೊದಲ ಸಭೆಯಲ್ಲಿ ಯಾರ ಹೆಸರು ಹೇಳಿ ಕವರ್ ಉಳಿಸಿಕೊಂಡಿದ್ದೆವೋ ಅವರ ಕೈಯಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಗಟ್ಟಿ ಕೈಚೀಲ ಇತ್ತು. "ನಾವು ಯಾವತ್ತು ಕವರ್ ಕೇಳಿದ್ದೀವಿ? ನೀವೇ ಹಾಕಿ ಕೊಡ್ತೀರ" ಅಂದರು. ಆಮೇಲೆ ಒಂದು ವಾರ ನನ್ನ ಅಂಗಡಿಯಲ್ಲಿ ಗಮನಿಸಿದೆ. ಅವರ ಮಾತು ನಿಜ. ಬರಿಗೈಯಲ್ಲಿ ಬರುವವರು ಸ್ಕೂಟರಿನ ನಾವು ಪೇಟೆಯವರು, ಮತ್ತು ವಾರದ ಕೊನೆಗೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ನೋಡಲು ಬಂದು ಕಾಫಿಪುಡಿ, ಜೇನುತುಪ್ಪ ಕೊಳ್ಳುವ ಕಾರಿನವರು.

ಬೆಲೆ ಹಾಕಿದರೆ ಸಾಕು, ನಿಷೇಧ ಬೇಡ ಅನ್ನುವ ವಾದವನ್ನು ಬೇಕರಿಯವರ ಮಗ ತಂದ. ಐರ್ಲೆಂಡಿನಲ್ಲಿ 2002ರಲ್ಲಿ ಒಂದು ಕವರ್‌ಗೆ 15 ಸೆಂಟ್ ತೆರಿಗೆ ಹಾಕಿದ ಮೇಲೆ ಬಳಕೆ ಸುಮಾರು ಶೇ. 90ರಷ್ಟು ಇಳಿಯಿತು ಅಂತ ಹೇಳಿದ. ಅದು ನಿಜವೇ. ಆದರೆ ಅಲ್ಲಿ ಪ್ರತಿ ಅಂಗಡಿಯಲ್ಲೂ ಬಿಲ್ ಇರುತ್ತದೆ, ತೆರಿಗೆ ಬಿಲ್ಲಿನಲ್ಲೇ ಸೇರುತ್ತದೆ. ಅಜ್ಜಿಯ ಬುಟ್ಟಿಗೆ ಬಿಲ್ ಎಲ್ಲಿಂದ ತರುವುದು? ಟೈಲರ್ ಅಣ್ಣ ತಮಿಳುನಾಡಿನ ಹಳದಿ ಚೀಲದ ಮಾತು ತೆಗೆದರು. ಅಲ್ಲಿನ ಸರ್ಕಾರ 2021ರ ಡಿಸೆಂಬರಿನಲ್ಲಿ ಮಂಜಪ್ಪೈ ಅನ್ನುವ ಹಳೆಯ ಹಳದಿ ಬಟ್ಟೆ ಚೀಲವನ್ನು ಮತ್ತೆ ಜನರ ಕೈಗೆ ತರುವ ಕಾರ್ಯಕ್ರಮ ಶುರು ಮಾಡಿತು. ಅಷ್ಟು ಕೇಳಿದ್ದೇ ಸಂಘದ ಅಕ್ಕ ಒಬ್ಬರು, "ನಮ್ಮಲ್ಲಿ ತಾಂಬೂಲದ ಚೀಲ ಇಲ್ವಾ? ಪ್ರತಿ ಮನೆ ಬೀರುವಿನಲ್ಲೂ ಹತ್ತಿಪ್ಪತ್ತು ಬಿದ್ದಿರುತ್ತೆ" ಅಂದರು.

ಬೇಡಿ ತಂದೆವು. ಮದುವೆ, ಗೃಹಪ್ರವೇಶ, ಉಪನಯನದ ಹೆಸರು ಅಚ್ಚಾದ ಚೀಲಗಳು ಎರಡು ಮೂಟೆ ಬಂದವು. ಟೈಲರ್ ಅಣ್ಣ ಬೆಂಕಿಕಡ್ಡಿ ಹಿಡಿದು ಕೂತರು. ಇತ್ತೀಚಿನ ಮದುವೆಗಳ ಚೀಲಗಳೆಲ್ಲ ಹೆಚ್ಚುಕಡಿಮೆ ಕರಗಿ ಮಣಿ ಆದವು. ಹಳೆಯವು ಬೂದಿ ಆದವು. ಬೂದಿ ಆದ ಜಾತಿಯ ಚೀಲಗಳನ್ನು ಅಜ್ಜಿಗೆ ಮತ್ತು ಫುಟ್‌ಪಾತಿನ ಉಳಿದವರಿಗೆ ಬಿಟ್ಟಿ ಕೊಟ್ಟೆವು.

ಎರಡನೇ ಒಪ್ಪಂದದಲ್ಲಿ ಮೈಕ್ರಾನ್ ಅನ್ನುವ ಪದವೇ ಇಲ್ಲ. ಹಿಡಿ ಇರುವ ಪ್ಲಾಸ್ಟಿಕ್ ಚೀಲ ಯಾವ ಅಂಗಡಿಯಲ್ಲೂ ಇರಬಾರದು, ಅಷ್ಟೇ. ದಪ್ಪವೋ ತೆಳುವೋ, ಬಟ್ಟೆ ಥರ ಇದೆಯೋ ಇಲ್ಲವೋ, ಕೇಳುವ ಹಾಗಿಲ್ಲ. ಅನುಮಾನ ಬಂದರೆ ಬೆಂಕಿಕಡ್ಡಿ ಇದೆ. ಸ್ಕೂಲಿಗೆ ಹೋಗುವ ಹುಡುಗನೂ ಕೌಂಟರ್ ನೋಡಿ, ಇಲ್ಲಿ ಒಪ್ಪಂದ ಮುರಿದಿದ್ದಾರೆ ಅಂತ ಹೇಳಬಹುದು. ಬರಿಗೈಯಲ್ಲಿ ಬಂದವರಿಗೆ ಸಂಘ ಹೊಲಿದ ಕಾಟನ್ ಚೀಲ, ಇಪ್ಪತ್ತು ರೂಪಾಯಿ ಠೇವಣಿಗೆ. ಬೀದಿಯ ಯಾವ ಅಂಗಡಿಗೆ ವಾಪಸ್ ಕೊಟ್ಟರೂ ದುಡ್ಡು ವಾಪಸ್. ಹೊಲಿಸುವ ಖರ್ಚು ಶಟರ್ ಇರುವ ಅಂಗಡಿಗಳದ್ದು. ಮೊದಲು ಕವರ್‌ಗೆ ಹೋಗುತ್ತಿದ್ದ ದುಡ್ಡನ್ನೇ ಇದಕ್ಕೆ ಹಾಕುತ್ತೇವೆ. ರಸ್ತೆ ಬದಿಯವರು ಒಂದು ಪೈಸೆ ಕೊಡುವ ಹಾಗಿಲ್ಲ.

ಹೋಲ್‌ಸೇಲಿನವರು ಇದ್ದ ಸ್ಟಾಕ್ ಖಾಲಿ ಮಾಡಲು ಮೂರು ತಿಂಗಳು ಕೇಳಿದರು. ಕೌನ್ಸಿಲರ್ ಕೊಡೋಣ ಅಂದರು, ಅಜ್ಜಿ ಬೇಡ ಅಂದರು: "ನಂಗೆ ಒಂದು ದಿನಾನೂ ಕೊಡಲಿಲ್ಲವಲ್ಲಪ್ಪ." ಮಹಡಿಯಲ್ಲಿ ಯಾರೂ ಮಾತಾಡಲಿಲ್ಲ. ಹೋಲ್‌ಸೇಲಿನವರು ಮಾಲನ್ನು ನಷ್ಟ ಮಾಡಿಕೊಂಡು ವಾಪಸ್ ಕಳಿಸಿದರು. ಈಗ ಸಂಘಕ್ಕೆ ಕಾಟನ್ ಥಾನು ತರಿಸಿಕೊಡುವವರು ಅವರೇ. ಈ ಬೀದಿಯಲ್ಲಿ ಎಲ್ಲರಿಗಿಂತ ಜಾಸ್ತಿ ಕಳೆದುಕೊಂಡವರು ಅವರು. ಅದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಾಳೆಯಲ್ಲಿ ಬರೆಯದ ಭಾಗ

ಮೀನು, ಮಾಂಸದ ಅಂಗಡಿಗಳಲ್ಲಿ ಹಿಡಿ ಇಲ್ಲದ ತೆಳು ಕವರ್ ಇನ್ನೂ ನಡೆಯುತ್ತಿದೆ. ಡಬ್ಬಿ ತಂದವರಿಗೆ ಡಬ್ಬಿಯಲ್ಲಿ, ತರದವರಿಗೆ ಎಲೆ, ಅದರ ಮೇಲೆ ಆ ಕವರ್, ಆಮೇಲೆ ಗಿರಾಕಿಯ ಚೀಲ. ರಾಜ್ಯದ ಆದೇಶಕ್ಕೆ ಇದು ಒಪ್ಪುವ ಮಾತಲ್ಲ, ನಮಗೆಲ್ಲ ಗೊತ್ತು. ನಮ್ಮ ಹಾಳೆಯಲ್ಲಿ ಇದನ್ನು ಬರೆದಿಲ್ಲ. ಸುಮ್ನೆ ಬೇರೆ ಕಡೆ ನೋಡುತ್ತೇವೆ. ನನಗೆ ಇದು ಇಷ್ಟವಿಲ್ಲ, ಆದರೆ ಇದನ್ನು ಬಿಟ್ಟು ಬರೆದರೆ ಈ ಅಧ್ಯಯನವೇ ಸುಳ್ಳಾಗುತ್ತದೆ.

ಮಣ್ಣಲ್ಲಿ ಕರಗುವ ಕವರ್ ತನ್ನಿ ಅಂತ ಕೆಲವರು ಸಲಹೆ ಕೊಟ್ಟರು. ಅಂಥ ಕವರ್‌ಗೆ ದಪ್ಪದ ನಿಯಮದಿಂದ ವಿನಾಯಿತಿ ಇದೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ಆದರೆ ಅದು ಕರಗುವುದು ಹೆಚ್ಚು ಬಿಸಿ ಇರುವ ದೊಡ್ಡ ಗೊಬ್ಬರ ಘಟಕದಲ್ಲಿ. ಚರಂಡಿಯಲ್ಲಿ ಬಿದ್ದರೆ ಅದೂ ಕವರ್ ಹಾಗೇ ಬಿದ್ದಿರುತ್ತದೆ. ಜೊತೆಗೆ, ಬರೀ ನೋಡಿದರೆ ಯಾವುದು ನಿಜವಾದದ್ದು ಅಂತ ಗೊತ್ತಾಗುವುದಿಲ್ಲ. ಮತ್ತೆ ಮೈಕ್ರಾನಿನ ಕಥೆಯೇ. ಬೇಡ ಅಂದೆವು.

ಠೇವಣಿ ಚೀಲಗಳೂ ನಾವು ಅಂದುಕೊಂಡಷ್ಟು ವಾಪಸ್ ಬರುತ್ತಿಲ್ಲ. ಚೀಲ ಚೆನ್ನಾಗಿದೆ, ಇಪ್ಪತ್ತು ರೂಪಾಯಿಗೆ ಎಲ್ಲೂ ಸಿಗುವುದಿಲ್ಲ, ಹಾಗಾಗಿ ಜನ ಇಟ್ಟುಕೊಳ್ಳುತ್ತಾರೆ. ಪ್ರವಾಸಿಗರಂತೂ ಊರಿನ ನೆನಪಿಗೆ ಅಂತ ಒಯ್ಯುತ್ತಾರೆ. ಠೇವಣಿ ಮೂವತ್ತಕ್ಕೆ ಏರಿಸಿದೆವು. ಎರಡು ಅಂಗಡಿಗಳು ಒಪ್ಪಂದ ಬಿಟ್ಟು ಮತ್ತೆ ಕವರ್ ಇಟ್ಟುಕೊಂಡಿವೆ. ಅವರ ಜೊತೆ ಮಾತು ನಡೆದಿದೆ, ಜಗಳ ಮಾಡಿಲ್ಲ.

ಮೀನಿನ ಅಂಗಡಿಯವರು ಹೋದ ವಾರ ತಾವಾಗಿಯೇ ಒಂದು ಮಾತು ತಂದರು. ಮುಚ್ಚಳ ಬಿಗಿಯಾಗುವ ಸ್ಟೀಲ್ ಡಬ್ಬಿಗಳನ್ನೂ ಚೀಲದ ಹಾಗೇ ಠೇವಣಿಗೆ ಕೊಡೋಣವಾ ಅಂತ. ಡಬ್ಬಿಗೆ ಎಷ್ಟು ಠೇವಣಿ ಇಡುವುದು, ವಾಪಸ್ ಬಂದದ್ದನ್ನು ಎಲ್ಲಿ ತೊಳೆಯುವುದು, ವಾಸನೆ ಹೋಗಲು ಹುಣಸೆಹುಳಿ ಸಾಕಾ, ಬಿಸಿನೀರೂ ಬೇಕಾ ಅಂತ ರಾತ್ರಿ ಅಂಗಡಿ ಮುಚ್ಚುವವರೆಗೂ ಲೆಕ್ಕ ಹಾಕಿದೆವು. ಹತ್ತು ಡಬ್ಬಿ ತರಿಸಿದ್ದೇವೆ. ಬರುವ ಭಾನುವಾರದಿಂದ ಕೊಟ್ಟು ನೋಡುತ್ತೇವೆ.